ದೊಡ್ಡಪ್ಪನ ಟ್ರಂಕಿನ ರಿವಾಲ್ವರ್: ಅಸಲಿಯೋ, ನಕಲೋ, ಬೆಲೆ ಎಷ್ಟು?

ಪ್ರಶ್ನೆ: ನಮ್ಮದು ಪಾಂಡವಪುರದ ಹತ್ತಿರದ ಹಳ್ಳಿ. ನಮ್ಮ ದೊಡ್ಡಪ್ಪನ ಟ್ರಂಕಿನಲ್ಲಿ ಒಂದು ಹಳೇ ರಿವಾಲ್ವರ್ ಇತ್ತು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಹೊರಗೆ ಬರೋದು, ಹುಣಸೆಹಣ್ಣು ಹಾಕಿ ತಿಕ್ಕಿ, ಅರಿಶಿನ ಕುಂಕುಮ ಇಟ್ಟು ಮತ್ತೆ ಒಳಗೆ. ದೊಡ್ಡಪ್ಪ ಹೋದ ವರ್ಷ ತೀರಿಕೊಂಡರು. ತಾತನಿಗೆ ಫ್ರೆಂಚ್ ರಾಕ್ಸ್‌ನ (ಪಾಂಡವಪುರದ ಹಳೇ ಹೆಸರು) ಬ್ರಿಟಿಷ್ ದೊರೆ ಕೊಟ್ಟಿದ್ದು ಅಂತ ಅಜ್ಜಿ ಹೇಳೋರು. ದೊಡ್ಡಪ್ಪ ಮಾತ್ರ ಆ ಬಗ್ಗೆ ಏನೂ ಹೇಳ್ತಿರಲಿಲ್ಲ. ಅವರು ಒಂದಷ್ಟು ವರ್ಷ ಅಮೆರಿಕದಲ್ಲಿದ್ದವರು. ಮೈ ಹಿತ್ತಾಳೆ, ನಳಿಕೆ ಎಂಟು ಮೂಲೆಯ ಕಬ್ಬಿಣ, ಗುಂಡಿನ ಸಿಲಿಂಡರ್ ಮೇಲೆ ಹಡಗುಗಳ ಚಿತ್ರ. ಒಂದೊಂದು ತೂತಿನ ಬಾಯಿ 11 ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಒಂದು ಕಡೆ ಚೌಕದೊಳಗೆ 'ಎಡಿ' ಅಂತ ಇಂಗ್ಲಿಷ್ ಅಕ್ಷರ ಇವೆ, ಕ್ರಿಸ್ತಶಕ ಇರಬೇಕು ಅಂದುಕೊಂಡೆವು. ಮೈಸೂರಿನ ಹಳೇ ಸಾಮಾನಿನ ವ್ಯಾಪಾರಿಯೊಬ್ಬರಿಗೆ ಫೋಟೋ ಕಳಿಸಿದ್ದಕ್ಕೆ 40 ಸಾವಿರ ಕೊಡ್ತೀನಿ ಅಂದರು. ಇನ್ನೊಬ್ಬರು ಇದು ಟಿಪ್ಪು ಕಾಲದ್ದು, 5 ಲಕ್ಷಕ್ಕೆ ಕಮ್ಮಿ ಕೊಡಬೇಡಿ ಅಂದರು. ಇದು ಅಸಲಿಯಾ? ಏನು ಬೆಲೆ? ಮಾರಬಹುದಾ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಮನೆಯಲ್ಲಿರುವುದು ಇಟಲಿಯಲ್ಲಿ ತಯಾರಾಗಿ 1978ರಲ್ಲಿ ಪರೀಕ್ಷೆಯ ಮುದ್ರೆ ಬಿದ್ದ ನಕಲು. ಅಮೆರಿಕದ ಕೋಲ್ಟ್ ಕಂಪನಿಯ 1851ರ 'ನೇವಿ' ಮಾದರಿಯನ್ನು ನೋಡಿ ಮಾಡಿದ್ದು. ಅದು ಟಿಪ್ಪುವಿನದೂ ಅಲ್ಲ, ದೊರೆಯದೂ ಅಲ್ಲ. ನಕಲು ಅಂದ ಮಾತ್ರಕ್ಕೆ ಆಟಿಕೆ ಎಂದುಕೊಳ್ಳಬೇಡಿ, ಮದ್ದು ತುಂಬಿದರೆ ಮನುಷ್ಯನನ್ನು ಕೊಲ್ಲಬಲ್ಲ ರಿವಾಲ್ವರ್ ಅದು. ನೀವು ಬೆಲೆ ಕೇಳಿದ್ದೀರಿ. ಅದಕ್ಕಿಂತ ಮೊದಲು ಕೇಳಬೇಕಾದವು ಎರಡಿವೆ: ಅದರೊಳಗೆ ಮದ್ದು ಇದೆಯೇ, ಅದನ್ನು ಇಟ್ಟುಕೊಳ್ಳಲು ನಿಮಗೆ ಹಕ್ಕಿದೆಯೇ.

ಮದ್ದಿನ ವಿಷಯ ಮೊದಲು. ಇದು ತೋಟಾ ಹಾಕುವ ರಿವಾಲ್ವರ್ ಅಲ್ಲ. ಸಿಲಿಂಡರಿನ ಪ್ರತಿ ಮನೆಗೂ (ಗುಂಡು ಕೂರುವ ತೂತಿಗೂ) ಮುಂದಿನಿಂದ ಕರಿಮದ್ದು ಸುರಿದು, ಮೇಲೆ ಸೀಸದ ಗುಂಡು ಇಟ್ಟು, ನಳಿಕೆಯ ಕೆಳಗಿರುವ ಸನ್ನೆಯಿಂದ ಒತ್ತಿ ಕೂರಿಸಬೇಕು. ಹಿಂಭಾಗದಲ್ಲಿ ಆರು ಸಣ್ಣ ಮೂತಿಗಳಿರುತ್ತವೆ, ಅವುಗಳ ಮೇಲೆ ತಾಮ್ರದ ಕೇಪು ಕೂರುತ್ತದೆ. ಹ್ಯಾಮರ್ ಕೇಪಿಗೆ ಬಡಿದರೆ ಕಿಡಿ ಒಳಗೆ ಹೋಗಿ ಮದ್ದು ಸಿಡಿಯುತ್ತದೆ. ಕರಿಮದ್ದು ಅಂದರೆ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ತೇವ ತಾಗದೆ ಮುಚ್ಚಿಕೊಂಡಿದ್ದರೆ ಈ ಮಿಶ್ರಣ ವರ್ಷಗಟ್ಟಲೆ, ತಲೆಮಾರುಗಟ್ಟಲೆ ಕೆಡುವುದಿಲ್ಲ. ಯಾರೋ ತುಂಬಿಟ್ಟು ಮರೆತ ಹಳೇ ಕೋವಿ ಸಿಡಿದು ಜನ ಸತ್ತದ್ದುಂಟು. ನೀವು ತೂತಿನ ಬಾಯಿ ಅಳೆದಿದ್ದೀರಿ, ಅಂದರೆ ಗುಂಡು ಹೊರಬರುವ ಬಾಯಿಯ ಎದುರಿಗೆ ಕೈ ಹಿಡಿದಿದ್ದೀರಿ. ಇನ್ನು ಹಾಗೆ ಮಾಡಬೇಡಿ. ಹಿಂದಿನ ಮೂತಿಗಳ ಮೇಲೆ ತಾಮ್ರದ ಟೋಪಿಯಂಥದ್ದು ಕೂತಿದೆಯೇ ಎಂದು ಪಕ್ಕದಿಂದ ನೋಡಿ, ಅಷ್ಟು ಸಾಕು. ಕೂತಿದ್ದರೂ ಕೂತಿಲ್ಲದಿದ್ದರೂ ತುಂಬಿದೆ ಎಂದೇ ಭಾವಿಸಿ. ಕಡ್ಡಿ ಹಾಕಿ ಕೆದಕುವುದು, ಮೂತಿ ಬಿಚ್ಚುವುದು, ಒಣಗಲಿ ಎಂದು ಬಿಸಿಲಿಗಿಡುವುದು ಯಾವುದೂ ಬೇಡ. ಮಕ್ಕಳ ಕೈಗೆ ಸಿಗದ ಕಡೆ, ಒಲೆಯಿಂದ ದೂರ, ಬೀಗ ಹಾಕಿಡಿ.

ಈಗ ಗುರುತಿನ ಮಾತು. ನೀವು ಕೊಟ್ಟ ವಿವರದಲ್ಲೇ ಬಹುಪಾಲು ಉತ್ತರ ಇದೆ.

ಆ ಚೌಕದೊಳಗಿನ 'ಎಡಿ' ಕ್ರಿಸ್ತಶಕವಲ್ಲ. ಇಟಲಿಯ ಬ್ರೆಷಿಯಾ ಪ್ರಾಂತ್ಯದಲ್ಲಿ ಗಾರ್ಡೋನೆ ವಾಲ್ ಟ್ರೋಂಪಿಯಾ ಎಂಬ ಊರಿದೆ. ಶತಮಾನಗಳಿಂದ ಬಂದೂಕು ಮಾಡುವುದೇ ಅಲ್ಲಿಯ ಕಸುಬು. ಅಲ್ಲಿ ತಯಾರಾದ ಪ್ರತಿಯೊಂದು ಬಂದೂಕನ್ನೂ ಸರ್ಕಾರಿ ಪರೀಕ್ಷಾ ಕೇಂದ್ರದಲ್ಲಿ ಹೆಚ್ಚಿನ ಮದ್ದು ಹಾಕಿ ಹಾರಿಸಿ, ಒಡೆಯದೆ ನಿಂತರೆ ಮುದ್ರೆ ಒತ್ತುತ್ತಾರೆ. ಮುದ್ರೆಯ ಜೊತೆಗೆ ವರ್ಷದ ಸಂಕೇತವೂ ಬೀಳುತ್ತದೆ. 1945ರಿಂದ 1974ರವರೆಗೆ ಅದು ರೋಮನ್ ಅಂಕಿಯಲ್ಲಿತ್ತು. 1975ರಲ್ಲಿ 'ಎಎ' ಎಂದು ಅಕ್ಷರಜೋಡಿ ಶುರುವಾಯಿತು. 1976 ಎಬಿ, 1977 ಎಸಿ, 1978 ಎಡಿ. ಆ ಚೌಕದ ಆಸುಪಾಸಿನಲ್ಲೇ ನಕ್ಷತ್ರದ ಕೆಳಗೆ 'ಪಿಎನ್' ಎಂಬ ಎರಡು ಅಕ್ಷರ ಇರಬೇಕು. ಅದು ಕರಿಮದ್ದಿಗೆ ಮಾತ್ರ ಪರೀಕ್ಷೆ ಮಾಡಿದ್ದು ಎಂಬ ಗುರುತು. ಹುಣಸೆಹಣ್ಣಿನ ತಿಕ್ಕಾಟದಲ್ಲಿ ಅದು ಮಸುಕಾಗಿರಬಹುದು, ಟಾರ್ಚನ್ನು ಓರೆಯಾಗಿ ಹಿಡಿದರೆ ಕಾಣುತ್ತದೆ. ತಯಾರಕರ ಹೆಸರು ಬಹಳ ಸಲ ನಳಿಕೆಯ ಕೆಳಗೆ, ಸನ್ನೆ ಮುಚ್ಚಿಕೊಳ್ಳುವ ಜಾಗದಲ್ಲಿ ಅಡಗಿರುತ್ತದೆ. ಉಬೆರ್ಟಿ, ಪಿಯೆಟ್ಟಾ, ಆರ್ಮಿ ಸಾನ್ ಮಾರ್ಕೊ ಇವು ಆ ಕಾಲದ ದೊಡ್ಡ ಹೆಸರುಗಳು. ಪಿಯೆಟ್ಟಾದವರದು 'ಎಫ್‌ಎಪಿ' ಎಂಬ ಗುರುತು. ಕೆಲವದರ ಮೇಲೆ ಅಮೆರಿಕದ ಆಮದುದಾರರ ಹೆಸರು ಮಾತ್ರ ಇರುತ್ತದೆ.

ಮುದ್ರೆ ಇಲ್ಲದೇ ಹೋಗಿದ್ದರೂ ನಿಮ್ಮ ರಿವಾಲ್ವರಿನ ಮೈಯೇ ನಿಜ ಹೇಳುತ್ತಿತ್ತು. ಅಸಲಿ ಕೋಲ್ಟ್ ನೇವಿಯ ಮುಖ್ಯ ಚೌಕಟ್ಟು, ಅಂದರೆ ಸಿಲಿಂಡರ್ ಕೂರುವ, ಹ್ಯಾಮರ್ ಹಾದುಹೋಗುವ ಆ ನಡುಭಾಗ, ಕಬ್ಬಿಣದ್ದು. ಹಿತ್ತಾಳೆ ಇರುವುದು ಹಿಡಿಯ ಹಿಂದಿನ ಪಟ್ಟಿ ಮತ್ತು ಟ್ರಿಗರ್ ಸುತ್ತಲಿನ ಬಳೆಯಲ್ಲಿ ಮಾತ್ರ, ಅದರ ಮೇಲೂ ಬೆಳ್ಳಿಯ ಲೇಪ ಇರುತ್ತಿತ್ತು. ಇಡೀ ಚೌಕಟ್ಟೇ ಹಿತ್ತಾಳೆಯಾದ ರಿವಾಲ್ವರುಗಳು ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಪಕ್ಷಕ್ಕೆ ಕಬ್ಬಿಣ ಸಾಲದೆ ಹೋದಾಗ ಹುಟ್ಟಿದವು. ಜಾರ್ಜಿಯಾದ ಗ್ರಿಸ್‌ವೋಲ್ಡ್ ಮತ್ತು ಗನ್ನಿಸನ್ ಕಾರ್ಖಾನೆ ಅಂಥವನ್ನು ಮೂರೂವರೆ ಸಾವಿರಕ್ಕಿಂತ ಸ್ವಲ್ಪ ಹೆಚ್ಚು ಮಾಡಿತು ಅಷ್ಟೆ, ಅವುಗಳ ನಳಿಕೆಯೂ ದುಂಡಗಿತ್ತು. ಎಂಟು ಮೂಲೆಯ ನಳಿಕೆ, ಹಿತ್ತಾಳೆ ಚೌಕಟ್ಟು ಎರಡೂ ಒಂದೇ ರಿವಾಲ್ವರಿನಲ್ಲಿ ಸೇರಿದ್ದರೆ ಹೆಚ್ಚುಕಡಿಮೆ ಖಂಡಿತವಾಗಿ ಅದು ನಮ್ಮ ಕಾಲದ ನಕಲು. ಹಿತ್ತಾಳೆ ಎರಕ ಅಗ್ಗ, ನೋಡಲು ಹಳೆಯದೆನಿಸುತ್ತದೆ. ಇಟಲಿಯವರು ಇದನ್ನು ಅಪಾರ ಸಂಖ್ಯೆಯಲ್ಲಿ ಮಾಡಿ ಮಾರಿದರು.

ನೀವು ಅಳೆದ 11 ಮಿಲಿಮೀಟರ್ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ವಿವರ. ಅಸಲಿ ನೇವಿ 0.36 ಇಂಚಿನ ಕ್ಯಾಲಿಬರಿನದು (ಅಂದರೆ ನಳಿಕೆಯ ಒಳ ಅಳತೆ), ಅದರ ಮನೆಯ ಬಾಯಿ ಸುಮಾರು ಒಂಬತ್ತೂವರೆ ಮಿಲಿಮೀಟರ್. ನಿಮ್ಮದು 0.44. ಕೋಲ್ಟ್ ಕಾರ್ಖಾನೆ ನೇವಿ ಮಾದರಿಯನ್ನು ಆ ಅಳತೆಯಲ್ಲಿ ಮಾರಿದ್ದೇ ಇಲ್ಲ. 0.44 ಬೇಕಾದವರಿಗೆ 1860ರ ಆರ್ಮಿ ಮಾದರಿ ಇತ್ತು. ಸಿಲಿಂಡರನ್ನು ಪಕ್ಕದಿಂದ ನೋಡಿ: ಹಿಂಭಾಗ ಸಣ್ಣಗಿದ್ದು ನಡುವೆ ಒಂದು ಮೆಟ್ಟಿಲು ಎದ್ದು ಮುಂಭಾಗ ದಪ್ಪಗಿರಬೇಕು. ನೇವಿಯ ಸಣ್ಣ ಮೈಗೆ ದೊಡ್ಡ ಗುಂಡಿನ ಸಿಲಿಂಡರ್ ಹೊಂದಿಸಲು ಮಾಡಿದ ಉಪಾಯ ಅದು, ಆರ್ಮಿ ಮಾದರಿಯಿಂದ ತಂದದ್ದು. ಅಸಲಿ ನೇವಿಯ ಸಿಲಿಂಡರ್ ಹಿಂದಿನಿಂದ ಮುಂದಿನವರೆಗೆ ಒಂದೇ ಸಮ.

ಹಡಗಿನ ಚಿತ್ರಕ್ಕೆ ಒಂದು ಕಥೆ ಇದೆ. 1843ರ ಮೇ 16ರಂದು ಈಗಿನ ಮೆಕ್ಸಿಕೋ ಕರಾವಳಿಯ ಕಾಂಪೇಚೆಯ ಹತ್ತಿರ, ಆಗ ಸ್ವತಂತ್ರ ದೇಶವಾಗಿದ್ದ ಟೆಕ್ಸಾಸಿನ ನೌಕಾಪಡೆಗೂ ಮೆಕ್ಸಿಕೋಗೂ ನಡೆದ ಕದನ ಅದು. ಟೆಕ್ಸಾಸ್ ನೌಕಾಪಡೆ ಸ್ಯಾಮ್ಯುಯಲ್ ಕೋಲ್ಟನ ಮೊದಮೊದಲ ರಿವಾಲ್ವರುಗಳನ್ನು ಕೊಂಡಿತ್ತು. ಆ ಋಣಕ್ಕೆ ಈ ಚಿತ್ರ. ಆರ್ಮ್ಸ್‌ಬಿ ಎಂಬ ಕೆತ್ತನೆಗಾರ ಅದನ್ನು ಉಕ್ಕಿನ ಅಚ್ಚಿನಲ್ಲಿ ಕೊರೆದ, ಅಚ್ಚನ್ನು ಸಿಲಿಂಡರಿನ ಮೇಲೆ ಒತ್ತಿ ಉರುಳಿಸುತ್ತಿದ್ದರು. ಮಾದರಿಗೆ 'ನೇವಿ' ಎಂಬ ಹೆಸರು ನಿಂತದ್ದೂ ಈ ಚಿತ್ರದಿಂದಲೇ. ಆ ಗೆರೆಗಳು ಬಲು ತೆಳುವು. ಒಂದೂವರೆ ಶತಮಾನ ಚರ್ಮದ ಚೀಲದಲ್ಲಿ, ಬೆವರಿನ ಕೈಯಲ್ಲಿ ಓಡಾಡಿದ ಅಸಲಿಯಲ್ಲಿ ಚಿತ್ರ ಬಹುತೇಕ ಅಳಿಸಿಹೋಗಿರುತ್ತದೆ. ಪೂರ್ತಿ ಉಳಿದಿದ್ದರೆ ಅದಕ್ಕೇ ಬೆಲೆ ಹಲವು ಪಟ್ಟು. ನಿಮ್ಮದರ ಮೇಲೆ ಹಡಗಿನ ಹಾಯಿ ಎಲ್ಲ ಚೊಕ್ಕವಾಗಿ, ಆಳವಾಗಿ ಕಾಣುತ್ತಿದ್ದರೆ, ಹಿತ್ತಾಳೆ ಮಾತ್ರ ಮುದಿಯಾಗಿದ್ದರೆ, ಎರಡಕ್ಕೂ ಒಂದೇ ವಯಸ್ಸು ಇರಲಾರದು.

ಹಾಗಾದರೆ ಅಜ್ಜಿಯ ಮಾತು ಸುಳ್ಳೇ? ಕಥೆಯಲ್ಲಿ ಅಸಾಧ್ಯವಾದದ್ದು ಏನೂ ಇಲ್ಲ. ಪಾಂಡವಪುರ ಫ್ರೆಂಚ್ ರಾಕ್ಸ್ ಆಗಿದ್ದ ಕಾಲದಲ್ಲಿ ಅಲ್ಲಿ ಸೈನ್ಯದ ಠಾಣ್ಯ ಇತ್ತು. ಬ್ರಿಟಿಷ್ ಅಧಿಕಾರಿಗಳು ಸ್ವಂತ ಹಣದಲ್ಲಿ ರಿವಾಲ್ವರ್ ಕೊಂಡು ತರುತ್ತಿದ್ದರು. ಕೋಲ್ಟ್ 1853ರಲ್ಲಿ ಲಂಡನ್ನಿನಲ್ಲೇ ಒಂದು ಕಾರ್ಖಾನೆ ತೆರೆದು ಕೆಲವೇ ವರ್ಷ ನಡೆಸಿದ. ಇತ್ತ ಇಂಗ್ಲೆಂಡಿನ ರಾಬರ್ಟ್ ಆಡಮ್ಸ್‌ನ ರಿವಾಲ್ವರುಗಳು 1857ರ ದಂಗೆಯ ಹೊತ್ತಿಗೆ ಇಲ್ಲಿ ಅನೇಕ ಅಧಿಕಾರಿಗಳ ಸೊಂಟದಲ್ಲಿದ್ದವು. ಅಂಥದ್ದೊಂದು ನಮ್ಮ ಕಡೆಯ ಮನೆಯಲ್ಲಿ ಉಳಿದಿದ್ದರೆ ಅದು ಹೇಗಿರಬೇಕು? ನಳಿಕೆಯ ಮೇಲೆ ಲಂಡನ್ನಿನ ವಿಳಾಸ, ಕಿರೀಟದ ಕೆಳಗೆ ಅಕ್ಷರವಿರುವ ಬ್ರಿಟಿಷ್ ಪರೀಕ್ಷಾ ಮುದ್ರೆ, ನಳಿಕೆ, ಚೌಕಟ್ಟು, ಸಿಲಿಂಡರ್, ಹಿಡಿಯ ಪಟ್ಟಿ ಎಲ್ಲದರ ಮೇಲೂ ಒಂದೇ ಕ್ರಮಸಂಖ್ಯೆ. ತಾತನಿಗೆ ದೊರೆ ಏನಾದರೂ ಕೊಟ್ಟಿದ್ದರೆ ಅದು ಬೇರೆಯದೇ ಇರಬೇಕು, ಅದು ಏನಾಯಿತೋ ಮನೆಯ ಹಿರಿಯರನ್ನು ಕೇಳಿ. ಈ ರಿವಾಲ್ವರ್ ಮಾತ್ರ ದೊಡ್ಡಪ್ಪನ ಜೊತೆ ಬಂದದ್ದೇ ಇರಬೇಕು. ಅವರು ಮೌನವಾಗಿದ್ದದ್ದಕ್ಕೂ ಅದೇ ಕಾರಣ ಎಂದು ನನ್ನ ಊಹೆ.

ಟಿಪ್ಪು ಕಾಲದ್ದು ಎಂದವರ ಮಾತನ್ನು ಸುಮ್ಮನೆ ಬಿಡಲು ನನಗೆ ಮನಸ್ಸಿಲ್ಲ. ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದದ್ದು 1799ರ ಮೇ 4ರಂದು. ಕೋಲ್ಟನಿಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1836ರಲ್ಲಿ. ಕೇಪು ಎಂಬ ವಸ್ತುವೇ ಟಿಪ್ಪು ಸತ್ತ ಮೇಲೆ ಬಂದದ್ದು. ಟಿಪ್ಪುವಿನ ಕಾರ್ಖಾನೆಗಳಲ್ಲಿ ತಯಾರಾದ ಪಿಸ್ತೂಲುಗಳು ಚಕಮಕಿ ಕಲ್ಲಿನವು. ಹುಲಿಪಟ್ಟೆ, ಹುಲಿಮುಖದ ಅಲಂಕಾರ, ಪಟ್ಟಣದ ಹೆಸರು, ಅವನದೇ ಆದ ಶಕದ ವರ್ಷ, ಅದ್ಭುತ ಕೆಲಸ. ಅವುಗಳಲ್ಲಿ ಬಹುಪಾಲು 1799ರ ಲೂಟಿಯಲ್ಲಿ ಕಡಲಾಚೆ ಹೋದವು. ಉಳಿದ ಹೆಸರನ್ನೂ ಹೀಗೆ ಸಿಕ್ಕಸಿಕ್ಕ ಹಿತ್ತಾಳೆಗೆ ಅಂಟಿಸಿ ಮಾರುವುದು ನಮ್ಮ ಜಿಲ್ಲೆಯ ಚರಿತ್ರೆಗೆ ಮಾಡುವ ದ್ರೋಹ. ನಾಳೆ ನಿಜವಾದದ್ದು ಒಂದು ಯಾರದೋ ಅಟ್ಟದಲ್ಲಿ ಸಿಕ್ಕರೂ ನಂಬುವವರು ಇರುವುದಿಲ್ಲ.

ಬೆಲೆ. ಅಮೆರಿಕದ ಹರಾಜುಗಳಲ್ಲಿ ಸವೆದರೂ ಪೂರ್ಣವಾಗಿರುವ ಅಸಲಿ 1851 ನೇವಿಗೆ ಕೆಲವು ಸಾವಿರ ಡಾಲರ್ ಸಿಗುತ್ತದೆ. ಮೂಲ ಬಣ್ಣ, ಚಿತ್ರ, ಪೆಟ್ಟಿಗೆ ಉಳಿದವು ಹತ್ತಾರು ಸಾವಿರಕ್ಕೆ ಹೋಗುತ್ತವೆ. ಇಟಲಿಯ ಹಿತ್ತಾಳೆ ಚೌಕಟ್ಟಿನ ನಕಲು ಅಲ್ಲಿ ಹೊಸದೇ ಇನ್ನೂರು ಮುನ್ನೂರು ಡಾಲರಿನ ಸಾಮಾನು, ಬಳಸಿದ್ದು ಅದಕ್ಕಿಂತ ಕಡಿಮೆ. ಅದರಲ್ಲೂ ಹೆಚ್ಚು ಹಾರಿಸಿದ ಹಿತ್ತಾಳೆ ಚೌಕಟ್ಟು ಸಡಿಲವಾಗುತ್ತದೆ. ಸಿಲಿಂಡರಿನ ಹಿಂದಿನ ಗೋಡೆಯಲ್ಲಿ ಉಂಗುರದಂತೆ ಒತ್ತಿದ ಗುರುತು ಬಿದ್ದಿದ್ದರೆ ಇನ್ನೂ ಅಗ್ಗ. ನಕಲುಗಳಲ್ಲೂ ಸಂಗ್ರಾಹಕರು ಹುಡುಕಿಕೊಂಡು ಹೋಗುವುದು 1971ರಿಂದ ಕೋಲ್ಟ್ ಕಂಪನಿಯೇ ತನ್ನ ಹೆಸರಿನಲ್ಲಿ ಮತ್ತೆ ಹೊರತಂದವನ್ನು, ಅವು ಕಬ್ಬಿಣದ ಚೌಕಟ್ಟಿನ 0.36. ನಿಮ್ಮದು ಅದಲ್ಲ.

ಇಷ್ಟೂ ಅಲ್ಲಿಯ ಬೆಲೆ. ಇಲ್ಲಿ, ಮಂಡ್ಯದಲ್ಲಿ, ಪರವಾನಗಿ ಇಲ್ಲದ ಈ ರಿವಾಲ್ವರಿಗೆ ಕಾನೂನಿನ ಬೆಲೆ ಸೊನ್ನೆ. 40 ಸಾವಿರ ಕೊಡುತ್ತೇನೆಂದ ವ್ಯಾಪಾರಿ ಹೆಚ್ಚು ಕೊಡುತ್ತಿದ್ದಾರೋ ಕಡಿಮೆಯೋ ಎಂದು ಲೆಕ್ಕ ಹಾಕುವುದೇ ಬೇಡ. ಆಯುಧ ವ್ಯಾಪಾರದ ಪರವಾನಗಿ ಇಲ್ಲದವರು ಅದನ್ನು ಕೊಂಡರೆ ಅವರ ಮೇಲೂ, ಮಾರಿದ ನಿಮ್ಮ ಮೇಲೂ ಕೇಸು.

ಇಲ್ಲಿ ಬಹಳ ಜನ ಎಡವುತ್ತಾರೆ. ಅಮೆರಿಕದ 1968ರ ಬಂದೂಕು ಕಾನೂನು 1898ರವರೆಗಿನ ಬಂದೂಕುಗಳನ್ನೂ, ತೋಟಾ ಬಳಸದ ಅವುಗಳ ನಕಲುಗಳನ್ನೂ ಪುರಾತನ ವಸ್ತು ಎಂದು ಹೊರಗಿಟ್ಟಿದೆ. ಆದ್ದರಿಂದ ಅಲ್ಲಿ ಬಹುತೇಕ ಕಡೆ ಇದನ್ನು ಅಂಚೆಯಲ್ಲಿ ತರಿಸಿಕೊಳ್ಳಬಹುದು. ದೊಡ್ಡಪ್ಪನೂ ಇದೊಂದು ಅಲಂಕಾರದ ವಸ್ತು ಎಂದೇ ತಂದಿರಬಹುದು. ನಮ್ಮ 1959ರ ಆಯುಧ ಕಾಯ್ದೆಯಲ್ಲಿ ಅಂಥ ರಿಯಾಯಿತಿ ಇಲ್ಲ. ಅದರ 45ನೇ ಸೆಕ್ಷನ್ ಹಳೇ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧವನ್ನು ಬಿಡುತ್ತದೆ ನಿಜ, ಆದರೆ ರಿಪೇರಿ ಮಾಡಿಯೂ ಹಾರಿಸಲು ಬಾರದಂತಿದ್ದರೆ ಮಾತ್ರ. ನಿಮ್ಮದು ಹಾರುತ್ತದೆ. 2020ರಲ್ಲಿ ನಿಯಮ ತಿದ್ದಿ, ಕ್ಯೂರಿಯೋ (ಸಂಗ್ರಹಕ್ಕೆ ಇಡುವ ಹಳೇ ಅಪರೂಪದ ವಸ್ತು) ವರ್ಗದ ಸಣ್ಣ ಆಯುಧಗಳನ್ನು ಇಟ್ಟುಕೊಳ್ಳಲು ಪರವಾನಗಿ ಬೇಡ ಎಂದರು. 1978ರ ಕಾರ್ಖಾನೆಯ ಮಾಲನ್ನು ಆ ವರ್ಗಕ್ಕೆ ನಾವಾಗಿಯೇ ಸೇರಿಸಿಕೊಳ್ಳುವಂತಿಲ್ಲ. ಕೊಡಗಿನ ನೆಂಟರು ನಮಗೆ ಲೈಸೆನ್ಸೇ ಬೇಡ ಎನ್ನುತ್ತಾರಲ್ಲ, ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ (ಕೊಡಗಿನ ವಂಶಪಾರಂಪರ್ಯ ಜಮೀನು ಉಳ್ಳವರಿಗೆ), ಅದೂ ರೈಫಲ್ ಮತ್ತು ಒಳಗೆ ನುಣುಪಾದ ನಳಿಕೆಯ ಕೋವಿಗೆ, ರಿವಾಲ್ವರಿಗಲ್ಲ. ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಂಡರೆ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷಕ್ಕೆ ಕಡಿಮೆ ಇಲ್ಲದ, ಐದು ವರ್ಷದವರೆಗಿನ ಶಿಕ್ಷೆ ಇದೆ.

ಭಯಪಡಿಸಲು ಹೇಳುತ್ತಿಲ್ಲ. ಮನೆಯ ಹಿರಿಯರು ಬಿಟ್ಟುಹೋದ ಆಯುಧವನ್ನು ತಾವಾಗಿಯೇ ಒಪ್ಪಿಸುವವರಿಗೆ ದಾರಿ ಇದೆ. ಅದೇ ಕಾಯ್ದೆಯ 21ನೇ ಸೆಕ್ಷನ್, ಇಟ್ಟುಕೊಳ್ಳುವ ಹಕ್ಕು ಮುಗಿದ ಆಯುಧವನ್ನು ಹತ್ತಿರದ ಠಾಣೆಯಲ್ಲೋ ಪರವಾನಗಿ ಇರುವ ವ್ಯಾಪಾರಿಯ ಬಳಿಯೋ ಜಮಾ ಮಾಡುವ ಬಗ್ಗೆಯೇ ಇದೆ. ನಿಮ್ಮ ದೊಡ್ಡಪ್ಪನ ಹೆಸರಿನಲ್ಲಿ ಎಂದಾದರೂ ಲೈಸೆನ್ಸ್ ಇತ್ತೇ ಎಂದು ಟ್ರಂಕಿನ ಕಾಗದಗಳಲ್ಲಿ ಹುಡುಕಿ. ಇದ್ದರೂ ಇಲ್ಲದಿದ್ದರೂ ಮೊದಲು ಕ್ರಿಮಿನಲ್ ಪ್ರಕರಣ ನೋಡುವ ವಕೀಲರೊಬ್ಬರನ್ನು ಕಾಣಿ, ಅವರ ಮೂಲಕ ಠಾಣೆಗೆ ಪತ್ರ ಬರೆಯಿರಿ. ಮಂಡ್ಯದಲ್ಲಿ ಆಯುಧ ಪರವಾನಗಿ ಜಿಲ್ಲಾಧಿಕಾರಿ ಕಚೇರಿಯ ಕೆಲಸ, ಅಲ್ಲಿಗೂ ಒಂದು ಪ್ರತಿ ಕೊಡಿ. ಮೈಸೂರು ನಗರದಲ್ಲಿದ್ದಿದ್ದರೆ ಪೊಲೀಸ್ ಕಮಿಷನರ್ ಕಚೇರಿಗೆ ಕೊಡಬೇಕಿತ್ತು. ರಿವಾಲ್ವರನ್ನು ಚೀಲದಲ್ಲಿ ಹಾಕಿಕೊಂಡು ಬಸ್ ಹತ್ತಬೇಡಿ, ಪೊಲೀಸರೇ ಮನೆಗೆ ಬಂದು ತೆಗೆದುಕೊಂಡು ಹೋಗಲಿ. ಕೆಲವರು ನಳಿಕೆಗೆ ವೆಲ್ಡಿಂಗ್ ಮಾಡಿಸಿ ಶೋಕೇಸಿನಲ್ಲಿ ಇಡೋಣ ಎನ್ನುತ್ತಾರೆ. ಲೈಸೆನ್ಸ್ ಇಲ್ಲದವರು ಬಂದೂಕಿಗೆ ಕೈ ಹಾಕಿ ಬದಲಾಯಿಸುವುದೂ ಅಪರಾಧ. ಒಳಗೆ ಮದ್ದಿದ್ದರೆ ವೆಲ್ಡಿಂಗ್‌ನವನ ಪ್ರಾಣಕ್ಕೇ ಬಂದೀತು.

ಪೂಜೆಯ ಬಗ್ಗೆಯೂ ಒಂದು ಮಾತು, ಇದು ಬೇರೆ ಮನೆಗಳಿಗೂ ಬೇಕಾದದ್ದು. ಲೈಸೆನ್ಸ್ ಇರುವ ಹಳೇ ಕೋವಿ, ತಾತನ ಕತ್ತಿ, ಖಡ್ಗ ಇದ್ದವರು ದಯವಿಟ್ಟು ಹುಣಸೆಹಣ್ಣು, ಬೂದಿ, ಬ್ರಾಸೋ ಹಾಕಿ ತಿಕ್ಕಬೇಡಿ. ಹುಣಸೆಯ ಹುಳಿ ಹಿತ್ತಾಳೆಯ ಮೇಲಿನ ಹಳೇ ಬಣ್ಣವನ್ನು ತಿಂದುಹಾಕುತ್ತದೆ, ತಿಕ್ಕಾಟ ಬೆಳ್ಳಿಯ ಲೇಪವನ್ನೂ ಮುದ್ರೆಗಳನ್ನೂ ಸವೆಸುತ್ತದೆ. ಒದ್ದೆ ಅರಿಶಿನ ಕುಂಕುಮ ಕಬ್ಬಿಣದ ಸಂದಿಯಲ್ಲಿ ನೀರು ಹಿಡಿದಿಟ್ಟುಕೊಂಡು ಒಳಗಿಂದೊಳಗೇ ತುಕ್ಕು ಹಿಡಿಸುತ್ತದೆ. ನಿಜವಾದ ನೂರೈವತ್ತು ವರ್ಷದ ವಸ್ತುವಿನ ಬೆಲೆಯೂ ಚರಿತ್ರೆಯೂ ಹೀಗೆ ಪ್ರತಿ ನವಮಿಗೆ ಒಂದಿಷ್ಟು ತೊಳೆದುಹೋಗುವುದನ್ನು ನೋಡಿದರೆ ಸಂಕಟವಾಗುತ್ತದೆ. ಪೂಜೆಗೆ ಕೆಳಗೊಂದು ಬಟ್ಟೆ ಹಾಸಿ ಹೂವನ್ನು ಪಕ್ಕದಲ್ಲಿಡಿ, ಕುಂಕುಮವನ್ನು ಮರದ ಪೀಠಕ್ಕೆ ಹಚ್ಚಿ. ಆಮೇಲೆ ಒಣ ಹತ್ತಿ ಬಟ್ಟೆಯಿಂದ ಒರೆಸಿ ಯಂತ್ರದ ತೆಳು ಎಣ್ಣೆ ಒಂದು ಹನಿ ಸವರಿದರೆ ಸಾಕು.

ಠಾಣೆಗೆ ಕೊಡುವ ಪತ್ರದಲ್ಲಿ ಕಥೆ ಬೇಡ, ಕಂಡದ್ದನ್ನು ಬರೆಯಿರಿ: ದೊಡ್ಡಪ್ಪನ ಹೆಸರು, ತೀರಿಕೊಂಡ ದಿನ, ವಸ್ತು ಎಲ್ಲಿತ್ತು, ನಿಮ್ಮ ಗಮನಕ್ಕೆ ಬಂದದ್ದು ಯಾವಾಗ. ಮದ್ದು ತುಂಬಿರುವ ಅನುಮಾನ ಇದೆ ಎಂಬುದನ್ನು ತಪ್ಪದೆ ಸೇರಿಸಿ. ಅವರು ಬಂದಾಗ ಚೌಕದ ಅಕ್ಷರ, ಪಿಎನ್ ಮುದ್ರೆ, ಕ್ರಮಸಂಖ್ಯೆ, ಹಿತ್ತಾಳೆ ಚೌಕಟ್ಟು, ಆರು ಗುಂಡಿನ ಸಿಲಿಂಡರ್ ಇಷ್ಟನ್ನೂ ಮಹಜರಿನಲ್ಲೂ ರಸೀದಿಯಲ್ಲೂ ಬರೆಸಿ, ಸಹಿ ಮೊಹರು ಇರುವ ಪ್ರತಿ ಇಸಿದುಕೊಳ್ಳಿ.